ಹೊಗೆಯನ್ನು ಹೊಗಳುವವರಿಗೆ

ಮಳೆಗಾಲ ಹಿಡಿಯಿತೆಂದರೆ ಸಾಕು, ಅಜ್ಜಿಯ ಮನೆಯ ಸೌದೆ ಒಲೆಯನ್ನು ನೆನೆದು ಕಣ್ಣೀರು ಸುರಿಸುವ ಒಂದು ಲೇಖನವಾದರೂ ನಮ್ಮ ಪತ್ರಿಕೆಗಳಲ್ಲಿ ಬಾರದೆ ಹೋಗುವುದಿಲ್ಲ. ಆ ಒಲೆ, ಆ ಕೆಂಡ, ಆ ಹೊಗೆಯ ಘಮ, ಆ ಹೊಗೆ ಹತ್ತಿದ ಸಾರಿನ ರುಚಿ! ಬರೆಯುವವರು ಸಾಮಾನ್ಯವಾಗಿ ಗಂಡಸರು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಮೂರನೆಯ ಮಹಡಿಯಲ್ಲಿ ಕುಳಿತು, ಗ್ಯಾಸಿನ ಒಲೆಯ ಮೇಲೆ ಯಾರೋ ಕಾಸಿಕೊಟ್ಟ ಕಾಫಿಯನ್ನು ಕುಡಿಯುತ್ತ ಬರೆಯುವವರು. ಈ ಮಹನೀಯರೊಡನೆ ನನಗೊಂದು ಜಗಳವಿದೆ. ಜಗಳಕ್ಕೆ ಮುಂಚೆಯೇ ಒಂದು ತಪ್ಪೊಪ್ಪಿಗೆಯನ್ನೂ ಮಾಡಿಬಿಡುತ್ತೇನೆ: ಕಳೆದ ವರ್ಷದವರೆಗೆ ನಾನೂ ಅವರ ಗುಂಪಿನವನೇ. ಊಟಕ್ಕೆ ಕುಳಿತಾಗಲೆಲ್ಲ, "ಏನೇ ಹೇಳಿ, ಆ ಕಾಲದ ಹೊಗೆಯ ರುಚಿ ಈಗೆಲ್ಲಿ!" ಎಂದು ನಾನೂ ನಿಟ್ಟುಸಿರು ಬಿಟ್ಟವನೇ. ಅರುವತ್ತು ದಾಟಿದ ಮೇಲೆ ಹಂದಿಯ ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ವಿದ್ಯೆಯನ್ನು ನಾನು ಕಲಿಯಹೊರಟೆ. ಆ ಕಲಿಕೆಯಲ್ಲಿ ಸಿಕ್ಕ ಪಾಠವೇ ಈ ಜಗಳಕ್ಕೆ ಕಾರಣ.

ಹಂದಿಯ ಮಾಂಸವೆಂದ ಕೂಡಲೇ ಕೆಲವು ವಾಚಕರು ಪುಟ ಮಗುಚಿಯಾರು. ಅವರಲ್ಲಿ ನನ್ನ ವಿನಂತಿ ಇಷ್ಟೆ: ಹಂದಿ ನನ್ನ ಪಾಲಿಗಿರಲಿ, ಹೊಗೆ ಎಲ್ಲರದು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜನ್ನು ಹೊಗಳುವವರಿಗೂ, ಸೌದೆ ಒಲೆಯ ಕುಚ್ಚಲಕ್ಕಿ ಗಂಜಿಯನ್ನು ಹೊಗಳುವವರಿಗೂ ಈ ಮಾತು ಸಲ್ಲುತ್ತದೆ.

ನಮ್ಮ ಊರು ಜಾಲ್ಸೂರು. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ, ಸುಳ್ಯ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಕಾಸರಗೋಡಿನ ದಾರಿ ಕವಲೊಡೆಯುವ ಜಾಗ. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಅರಂತೋಡು, ಸಂಪಾಜೆ, ಘಟ್ಟ ಹತ್ತಿದರೆ ಮಡಿಕೇರಿ. ಹೀಗೆ ಕೊಡಗಿನ ನೆರೆಯಲ್ಲಿರುವ ನಮಗೆ ಹಂದಿಯ ಮಾಂಸ ಹೊಸತಲ್ಲ, ಹೊಗೆಯೂ ಹೊಸತಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಅಡುಗೆಮನೆಯ ಒಲೆಯ ಮೇಲ್ಗಡೆ ಬಿದಿರಿನ ಅಟ್ಟವೊಂದಿತ್ತು. ಅದರಲ್ಲಿ ಹುಣಿಸೆಹುಳಿ, ಕೊಬ್ಬರಿ, ಒದ್ದೆ ಸೌದೆ ಎಲ್ಲವೂ ಒಣಗುತ್ತಿದ್ದವು. ಅಟ್ಟದ ಅಡಿಯಲ್ಲಿ, ಉಪ್ಪು ಅರಸಿನ ಸವರಿ ಬಳ್ಳಿಗೆ ಪೋಣಿಸಿದ ಹಂದಿಮಾಂಸದ ತುಂಡುಗಳು ತೂಗುತ್ತಿದ್ದವು. ಘಟ್ಟದ ಮೇಲೆ ಕೊಡಗಿನಲ್ಲಿಯೂ ಈ ಕ್ರಮವಿತ್ತು. ಮಳೆ ಹಿಡಿದು, ಕಡಲಿಗೆ ದೋಣಿ ಇಳಿಯದೆ, ಮೀನು ಸಿಕ್ಕದ ದಿನಗಳಲ್ಲಿ ಈ ಮಾಂಸವನ್ನು ಇಳಿಸಿ, ಬಿಸಿನೀರಿನಲ್ಲಿ ತೊಳೆದು, ಕರಿಮೆಣಸು ಹಾಕಿ ಬೇಯಿಸುತ್ತಿದ್ದರು. ಆ ರುಚಿಯನ್ನು ನಾನು ಮರೆತಿಲ್ಲ.

ಮರೆತದ್ದು ಬೇರೆ. ಒಲೆಯ ಮುಂದೆ ಯಾರು ಕುಳಿತಿದ್ದರೆಂಬುದನ್ನು ಮರೆತಿದ್ದೆ.

ಸೋದರಳಿಯನೊಬ್ಬ ಅಮೆರಿಕದಿಂದ ಊರಿಗೆ ವಾಪಸಾಗುವಾಗ ಮನೆಯ ಸಾಮಾನಿನ ಜೊತೆಗೆ ಒಂದು ಪೆಲೆಟ್ ಗ್ರಿಲ್ಲನ್ನೂ ಹಡಗಿಗೆ ಹಾಕಿಸಿದ್ದ. ನೋಡುವುದಕ್ಕೆ ಕಾಲುಳ್ಳ ಕರಿಯ ಪೀಪಾಯಿ. ಅದರ ಪಕ್ಕದಲ್ಲೊಂದು ಡಬ್ಬಿ. ಮರದ ಹೊಟ್ಟನ್ನು ಬಲವಾಗಿ ಒತ್ತಿ ಮಾಡಿದ, ಪೆನ್ಸಿಲಿನ ದಪ್ಪದ ಗುಳಿಗೆಗಳನ್ನು ಆ ಡಬ್ಬಿಗೆ ತುಂಬಬೇಕು. ಈ ಗುಳಿಗೆಗಳನ್ನು ಕಂಡ ನಮ್ಮ ನೆರೆಯವರು, "ದನಕ್ಕೆ ಹೊಸ ಹಿಂಡಿಯಾ?" ಎಂದು ಕೇಳಿದರು. ಗುಳಿಗೆಯನ್ನು ಒಂದು ತಿರುಪು ಮೆಲ್ಲಮೆಲ್ಲನೆ ಬೆಂಕಿಯ ಕುಂಡಕ್ಕೆ ತಳ್ಳುತ್ತದೆ. ಕುಂಡದಲ್ಲಿ ಕಾದ ಸರಳೊಂದು ಅದಕ್ಕೆ ಬೆಂಕಿ ಹೊತ್ತಿಸುತ್ತದೆ. ಸಣ್ಣ ಫ್ಯಾನು ಗಾಳಿ ಊದುತ್ತದೆ. ಒಳಗಿನ ಶಾಖವನ್ನು ನೋಡಿಕೊಂಡು ಗುಳಿಗೆ ಹೆಚ್ಚು ಬೇಕೋ ಕಡಿಮೆ ಬೇಕೋ ಎಂದು ಯಂತ್ರವೇ ನಿರ್ಧರಿಸುತ್ತದೆ. 1980ರ ದಶಕದಲ್ಲಿ ಆರೆಗನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಊರಿನ ಜೋ ಟ್ರೇಗರ್ ಎಂಬವರು, ಮನೆಯನ್ನು ಬೆಚ್ಚಗಿಡುವುದಕ್ಕೆ ಬಳಸುತ್ತಿದ್ದ ಈ ಗುಳಿಗೆಗಳಿಂದ ಅಡುಗೆಯನ್ನೂ ಮಾಡಬಹುದೆಂದು ಕಂಡು, 1986ರಲ್ಲಿ ಪೇಟೆಂಟು ಪಡೆದರು. ಅನಂತರ ಬಹಳ ಮಂದಿ ಇಂಥ ಯಂತ್ರಗಳನ್ನು ಮಾಡತೊಡಗಿದರು. ನಮ್ಮ ಮನೆಗೆ ಬಂದದ್ದು ಯಾರದೆಂಬುದು ಇಲ್ಲಿ ಮುಖ್ಯವಲ್ಲ. ಅಮೆರಿಕದ ವಿದ್ಯುತ್ತಿಗೆ ಮಾಡಿದ ಯಂತ್ರಕ್ಕೆ ಒಂದು ಟ್ರಾನ್ಸ್‌ಫಾರ್ಮರು ಹಾಕಿಸಿ, ಅಂಗಳದ ಮೂಲೆಯಲ್ಲಿ ಶೀಟಿನ ಮಾಡಿನ ಕೆಳಗೆ ನಿಲ್ಲಿಸಿದೆವು.

"ಮಾಮ, ಇದರಲ್ಲಿ ಕೆಲಸವೇ ಇಲ್ಲ. ಗುಂಡಿ ಒತ್ತಿ ಮಲಗಿದರಾಯಿತು" ಎಂದ ಅಳಿಯ. ನಾನು ನಂಬಿದೆ.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ 5 ಗಂಟೆಗೆ ಸ್ನಾನ ಮಾಡಿ ಪೂಜೆಗೆ ಕುಳಿತವನಂತೆ ಕುಳಿತೆ. ಮುಂಗಾಲಿನ ಮೇಲಿನ ಹೆಗಲ ಭಾಗ, 3 ಕಿಲೋ ತೂಕದ ಒಂದೇ ತುಂಡು. ಊರ ಸಾಕುಹಂದಿಯದೆಂದು ಹೇಳಬೇಕಾಗಿಲ್ಲ; ಕಾಡುಹಂದಿಯನ್ನು ಮುಟ್ಟುವುದಕ್ಕೆ 1972ರ ವನ್ಯಜೀವಿ ಕಾಯಿದೆಯ ಅಡ್ಡಿಯಿದೆ. ಹಿಂದಿನ ರಾತ್ರಿಯೇ ಉಪ್ಪು, ಕರಿಮೆಣಸು, ಬೆಲ್ಲ, ಮೆಣಸಿನ ಹುಡಿ ಸವರಿಟ್ಟಿದ್ದೆ. ಯಂತ್ರದ ಶಾಖ ಸುಮಾರು 107 ಡಿಗ್ರಿ ಸೆಲ್ಸಿಯಸ್. ಮಾಂಸದ ನಡುವೆ ಒಂದು ಉಷ್ಣಮಾಪಕದ ಮುಳ್ಳು. ಈ ಭಾಗದ ಮಾಂಸದಲ್ಲಿ ನಾರಿನಂಥ ಅಂಟುಪದಾರ್ಥ ಹೆಚ್ಚು. ನಡುವಿನ ಶಾಖ 95ರ ಹತ್ತಿರ ಬರುವಷ್ಟು ಹೊತ್ತು ನಿಧಾನವಾಗಿ ಬೆಂದರೆ ಅದು ಕರಗಿ, ಮಾಂಸ ಬೆರಳಿಗೆ ಬಿಡಿಬಿಡಿಯಾಗಿ ಬರುತ್ತದೆ. ಅದಕ್ಕೆ ಹತ್ತು ಹನ್ನೆರಡು ಗಂಟೆ ಬೇಕು.

ಹತ್ತು ಗಂಟೆಯವರೆಗೆ ಎಲ್ಲವೂ ಸರಿಯಾಗಿತ್ತು. ಮುಚ್ಚಳ ತೆರೆಯುವುದು, ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಪ್ರತಿಯೊಂದು ಸಲವೂ ಶಾಖ ಹೊರಗೆ ಹೋಗುತ್ತದೆಂಬ ಬುದ್ಧಿ ನನಗಿರಲಿಲ್ಲ. ಹನ್ನೊಂದೂವರೆಗೆ ಮುಳ್ಳು 68ಕ್ಕೆ ಬಂದು ನಿಂತುಬಿಟ್ಟಿತು. ಹನ್ನೆರಡಾಯಿತು, 68. ಒಂದಾಯಿತು, 68. ಎರಡಕ್ಕೆ 67! ಯಂತ್ರ ಕೆಟ್ಟಿತೆಂದು ನಾನು ಅಳಿಯನಿಗೆ ಫೋನು ಮಾಡಿ ರೇಗಿದೆ. ಯಂತ್ರ ಕೆಟ್ಟಿರಲಿಲ್ಲ. ಹೂಜಿಯ ಮೈಯಿಂದ ನೀರು ಜಿನುಗಿ ಆರುವುದರಿಂದ ಒಳಗಿನ ನೀರು ತಣ್ಣಗಾಗುತ್ತದಲ್ಲ, ಹಾಗೆಯೇ ಬೇಯುತ್ತಿರುವ ಮಾಂಸವೂ ಬೆವರುತ್ತದೆ. ಬೆವರು ಆರುವಾಗ ಹೊರಗಿನಿಂದ ಬಂದ ಶಾಖವನ್ನು ಕೊಂಡುಹೋಗುತ್ತದೆ. ಈ ಘಟ್ಟವನ್ನು ಕಾದು ದಾಟಬೇಕು, ಇಲ್ಲವೆ ಮಾಂಸವನ್ನು ಸುತ್ತಿ ಬೆವರನ್ನು ತಡೆಯಬೇಕು. ಇದು ನನಗೆ ತಿಳಿದದ್ದು ಆಮೇಲೆ.

ಮೂರೂವರೆಗೆ ಗುಡುಗು ಮಳೆ ಬಂತು, ಕರೆಂಟು ಹೋಯಿತು. ತಿರುಪು ನಿಂತಿತು, ಫ್ಯಾನು ನಿಂತಿತು. ಕುಂಡದಲ್ಲಿ ಉಳಿದ ಗುಳಿಗೆ ಗಾಳಿಯಿಲ್ಲದೆ ಕಮರಿ ಬಿಳಿಯ ಹೊಗೆಯನ್ನು ಕಾರತೊಡಗಿತು. ಬೆಂಕಿ ತಿರುಪಿನ ದಾರಿಯಾಗಿ ಡಬ್ಬಿಗೆ ಹಿಮ್ಮರಳುವ ಭಯ ಬೇರೆ. ಡಬ್ಬಿಯಲ್ಲಿ ನೋಡಿದರೆ ಜೂನಿನ ತೇವಕ್ಕೆ ಗುಳಿಗೆಗಳು ಉಬ್ಬಿ ಒಡೆದು ನುಚ್ಚಾಗಿವೆ. ಗುಂಡಿ ಒತ್ತಿ ಮಲಗಿದರಾಯಿತು ಎಂದವನು ಆರೆಗನ್ನಿನ ಮಳೆಯನ್ನು ಕಂಡಿದ್ದಾನು, ಜಾಲ್ಸೂರಿನ ಮಳೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಗ ನನ್ನೊಳಗಿನ ಕವಿ ಎದ್ದ. ಅಜ್ಜಿಯ ಒಲೆ ಇಲ್ಲದಿದ್ದರೇನು, ಬಚ್ಚಲ ಒಲೆ ಇದೆಯಲ್ಲ! ಮಾಂಸವನ್ನು ತಟ್ಟೆಯಲ್ಲಿ ಹೊತ್ತುಕೊಂಡು ಬಚ್ಚಲಮನೆಗೆ ಓಡಿದೆ. ಹಂಡೆಯನ್ನು ಇಳಿಸಿ, ಒಲೆಯ ಬಾಯಿಗೆ ಜಾಲರಿ ಇಟ್ಟು, ಅದರ ಮೇಲೆ ಮಾಂಸವಿಟ್ಟೆ. ಅಡಕೆಸಿಪ್ಪೆ, ತೆಂಗಿನ ಮಡಲು ತುರುಕಿ ಬೆಂಕಿ ಹಚ್ಚಿದೆ. ಎಲ್ಲವೂ ಮಳೆಗೆ ಥಂಡಿ ಹಿಡಿದಿದ್ದವು. ಊದುಗೊಳವೆ ಹಿಡಿದು ಊದಿದೆ. ಗೋಡೆಯಂಥ ಬಿಳಿ ಹೊಗೆ ಎದ್ದು ಮುಖಕ್ಕೆ ಬಡಿಯಿತು. ಮತ್ತೆ ಊದಿದೆ. ಕಣ್ಣು ಉರಿಯಿತು, ಮೂಗು ಸುರಿಯಿತು, ಎದೆ ಹಿಡಿದುಕೊಂಡಿತು. ಹತ್ತು ನಿಮಿಷವಾಗಿರಬಹುದು, ಕೆಮ್ಮುತ್ತ ಬಾಗಿಲಿಗೆ ಓಡಿಬಂದೆ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಎಪ್ಪತ್ತು ವರ್ಷದವರು. ಕೈಯಲ್ಲಿ ಅವರ ಇನ್‌ಹೇಲರು. ಈ ಹೊಗೆಗೆ ಅವರು ಒಳಗೆ ಕಾಲಿಡುವಂತಿಲ್ಲ.

"ಎಂತ ಮಾರಾಯ, ಹತ್ತು ನಿಮಿಷಕ್ಕೇ ಸಾಕಾಯಿತಾ?" ಎಂದರು. ಹಂಗಿಸಿದ ದನಿಯಲ್ಲ, ನಿಜವಾಗಿಯೂ ಕೇಳಿದ ಹಾಗಿತ್ತು. "ನಾನು ಇಪ್ಪತ್ತೊಂಬತ್ತು ವರ್ಷ ಕೂತಿದ್ದೆ."

1974ರಲ್ಲಿ ಅವರು ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಹನ್ನೆರಡು ವರ್ಷ. ಗ್ಯಾಸಿನ ಒಲೆ ಬಂದದ್ದು 2003ರಲ್ಲಿ. ಅಲ್ಲಿಯವರೆಗೆ ಈ ಮನೆಯ ಕುಚ್ಚಲಕ್ಕಿ ಬೇಯಿಸಿದವರು ಅವರು. ಆ ಅಕ್ಕಿ ಬೇಗ ಬೇಯುವ ಜಾತಿಯದಲ್ಲ. ಬಾಣಂತಿಯ ನೀರು, ದನದ ಮಡ್ಡಿ, ನೆಂಟರ ಕಾಫಿ ಎಲ್ಲವೂ ಆ ಒಲೆಯಲ್ಲೇ. ಕೆಲವು ವರ್ಷಗಳ ಹಿಂದೆ ಅವರಿಗೆ ಉಸಿರು ಕಟ್ಟತೊಡಗಿದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಎದೆಯ ಚಿತ್ರ ನೋಡಿ, "ಅಮ್ಮಾ, ಬೀಡಿ ಸೇದುವ ಅಭ್ಯಾಸ ಇತ್ತೇ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ, ಒಲೆ ಊದಿದ್ದೇನೆ" ಎಂದರು ಅತ್ತಿಗೆ. ಆ ಮಾತನ್ನು ಅಂದೇ ಕೇಳಿದ್ದೆ. ಅದು ನನಗೆ ತಟ್ಟಿದ್ದು ಮಾತ್ರ ಬಚ್ಚಲಮನೆಯ ಬಾಗಿಲಲ್ಲಿ, ನನ್ನ ಗಂಟಲು ಉರಿದಾಗ.

ಆ ದಿನದ ಮಾಂಸ ಏನಾಯಿತೆಂದು ಹೇಳಿಬಿಡುತ್ತೇನೆ. ಹೊರಗೆ ಮಸಿ ಹಿಡಿದು ಕಹಿ. ಒಳಗೆ ಚಪ್ಪಲಿಯ ತೊಗಲು. ಕೊನೆಗೆ ಅತ್ತಿಗೆ ಮೇಲಿನ ಪದರವನ್ನು ಹೆರೆದು, ಉಳಿದದ್ದನ್ನು ತುಂಡುಮಾಡಿ, ಕುಕ್ಕರಿಗೆ ಹಾಕಿ, ಕೊಡಗಿನ ಕಾಚಂಪುಳಿಯನ್ನು ಎರಡು ಚಮಚ ಬಿಟ್ಟು, ಉಣ್ಣುವ ಹಾಗೆ ಮಾಡಿದರು. ಹೊಗೆಯ ಕಲೆ ಕಲಿಯಲು ಹೊರಟ ಗಂಡಸಿನ ಕೊನೆಯ ಕೆಲಸವೂ ಅವರ ತಲೆಗೇ ಬಂತು.

ಈಗ ನನ್ನ ವಾದ.

ಅಜ್ಜಿಯ ಒಲೆಯ ಹೊಗೆಯಲ್ಲಿ ಅಪೂರ್ವ ರುಚಿಯಿತ್ತೆನ್ನುವವರು ಮೊದಲು ರುಚಿಯ ವಿಷಯದಲ್ಲೇ ತಪ್ಪಿದ್ದಾರೆ. ಮರದೊಳಗಿನ ಲಿಗ್ನಿನ್ ಎಂಬ ಪದಾರ್ಥ ಶಾಖಕ್ಕೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಮೊದಲಾದವು ಹುಟ್ಟುತ್ತವೆ. ಹೊಗೆಯ ಘಮ ಅವುಗಳದು. ಒಣಗಿದ ಮರ, ಸಾಕಷ್ಟು ಗಾಳಿ, ಹದವಾದ ಬೆಂಕಿ ಇದ್ದಾಗ ತೆಳುವಾದ, ನೀಲಿ ಛಾಯೆಯ ಹೊಗೆ ಬರುತ್ತದೆ. ರುಚಿಗೆ ಬೇಕಾದದ್ದು ಅದು. ಒದ್ದೆ ಸೌದೆ ಕಮರಿದಾಗ ಏಳುವ ದಟ್ಟ ಬಿಳಿ ಹೊಗೆ ಮಸಿಯನ್ನೂ ಕಹಿಯನ್ನೂ ತರುತ್ತದೆ. ಆಷಾಢದ ನಮ್ಮ ಅಡುಗೆಮನೆಗಳಲ್ಲಿ ತುಂಬಿರುತ್ತಿದ್ದದ್ದು ಯಾವ ಹೊಗೆ? ಅಟ್ಟದ ಮಾಂಸವನ್ನು ನಮ್ಮವರು ತೂಗುಹಾಕಿದ್ದು ಕೆಡದಿರಲಿ ಎಂದು. ಹೊಗೆ ಹೇಗೂ ಇತ್ತು, ಅದನ್ನು ಒಂದು ಉಪಯೋಗಕ್ಕೆ ಹಚ್ಚಿದರು. ಅದು ಅವರ ಜಾಣತನ. ಆ ಜಾಣತನಕ್ಕೆ ಕೈಮುಗಿಯೋಣ. ಆದರೆ ಕೆಡುಕಿನಲ್ಲಿ ಸಿಕ್ಕ ಲಾಭವನ್ನು ತೋರಿಸಿ ಕೆಡುಕನ್ನೇ ವರವೆಂದು ಹಾಡುವುದು ಯಾವ ನ್ಯಾಯ?

ಕೆಡುಕು ಸಣ್ಣದೂ ಅಲ್ಲ. ಸೌದೆ, ಬೆರಣಿ, ಸೀಮೆಎಣ್ಣೆ, ಕಲ್ಲಿದ್ದಲಿನ ಒಲೆಗಳಿಂದ ಮನೆಯೊಳಗೆ ತುಂಬುವ ಕೆಟ್ಟ ಗಾಳಿಗೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ನಾಡಿನ ದೊಡ್ಡ ತಲೆಗಳು ಇದನ್ನು ಎಂದೋ ಕಂಡಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಅಂದರೆ ನಮ್ಮ ಅತ್ತಿಗೆ ಊದುಗೊಳವೆ ಹಿಡಿದ ವರ್ಷವೇ, ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಯ ಬದುಕಿಗೆ ವಿಜ್ಞಾನವನ್ನು ಒಗ್ಗಿಸುವುದು ಅದರ ಉದ್ದೇಶ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಒಂದೇ ಬೆಂಕಿಯಲ್ಲಿ ಮೂರು ಪಾತ್ರೆಗಳನ್ನು ಕಾಯಿಸಿ, ಹೊಗೆಯನ್ನು ಕೊಳವೆಯಿಂದ ಮಾಡಿನಾಚೆಗೆ ಕಳುಹಿಸಿತು. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಹೂಡಿತು. 2016ರಲ್ಲಿ ಉಜ್ವಲಾ ಯೋಜನೆ ಬಂದು ಬಡವರ ಮನೆಗೂ ಗ್ಯಾಸು ಹೋಯಿತು. ಐವತ್ತು ವರ್ಷ ಇಷ್ಟು ಜನ ಅಡುಗೆಮನೆಯಿಂದ ಹೊಗೆಯನ್ನು ಹೊರಗೆ ಹಾಕಲು ಹೆಣಗಿದರೆ, ನಾವು ಪುರವಣಿಯಲ್ಲಿ ಕುಳಿತು ಅದನ್ನು ಒಳಗೆ ಕರೆಯುತ್ತಿದ್ದೇವೆ! ಇಂದಿಗೂ ಸಿಲಿಂಡರು ತುಂಬಿಸಲು ಕೈಯಲ್ಲಿ ಹಣವಿಲ್ಲದೆ ಸೌದೆಗೆ ಮರಳುವ ಮನೆಗಳಿವೆ. ಆ ಮನೆಯ ಹೆಂಗಸು ನಮ್ಮ ಲೇಖನ ಓದಿದರೆ ಏನೆಂದಾಳು?

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು: "ಹಾಗಾದರೆ ಪರಂಪರೆಯನ್ನು ಮರೆಯೋಣವೇ?" ಬೇಡ. ಉಪ್ಪಿನ ಅಳತೆ, ಕಾಚಂಪುಳಿಯ ಹದ, ಮಾಂಸದ ಯಾವ ಭಾಗ ಯಾವುದಕ್ಕೆ ಎಂಬ ತಿಳಿವಳಿಕೆ, ಇವೆಲ್ಲ ಪರಂಪರೆಯೇ. ಇವನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಹೊಗೆಯನ್ನು ನೆನೆದು ಬರೆಯುವವರಲ್ಲಿ ಎಷ್ಟು ಮಂದಿ ಅವರನ್ನು ಕೇಳಿ ಬರೆದುಕೊಂಡಿದ್ದಾರೆ?

ಎರಡನೆಯದು: "ಪರದೇಶದ ಯಂತ್ರ ಉಳ್ಳವರ ಆಟಿಕೆ." ಒಪ್ಪುತ್ತೇನೆ. ಅದು ಕರೆಂಟಿಲ್ಲದೆ ಕುರುಡು, ಮಳೆಯಲ್ಲಿ ಹೆಳವ. ಅದನ್ನು ಎಲ್ಲರೂ ಕೊಳ್ಳಿರೆಂದು ನಾನು ಹೇಳಲಾರೆ. ತಗಡಿನ ಪೀಪಾಯಿಯನ್ನು ಕೊರೆದು ಮಾಡಿದ ಒಲೆಯಲ್ಲೂ ಈ ಕೆಲಸವಾಗುತ್ತದೆ. ಯಂತ್ರದಿಂದ ನನಗಾದ ಉಪಕಾರ ಒಂದೇ: ಅದು ಹೊಗೆಯನ್ನು ಅಂಗಳಕ್ಕೆ ತಂದಿತು, ಅದರ ಬಳಿ ನನ್ನನ್ನು ಕೂರಿಸಿತು. ಕೆಲಸವೇ ಇಲ್ಲವೆಂದು ಯಂತ್ರ ಮಾರುವವರು ಹೇಳುವುದೂ, ಹೊಗೆ ತಾನಾಗಿ ರುಚಿಯಾಗಿತ್ತೆಂದು ನಾವು ಬರೆಯುವುದೂ ಒಂದೇ ಸುಳ್ಳಿನ ಎರಡು ಮುಖ. ಎರಡರಲ್ಲಿಯೂ ದುಡಿದವರು ಕಾಣಿಸುವುದಿಲ್ಲ.

ಮೂರನೆಯದು: "ಹೊಗೆ ಹಾಕಿದ ಮಾಂಸ ಆರೋಗ್ಯಕ್ಕೆ ಒಳ್ಳೆಯದೇ?" ನಿತ್ಯ ತಿನ್ನುವುದಾದರೆ ಅಲ್ಲ. ಉಪ್ಪು ಹಾಕಿ, ಹೊಗೆಯಲ್ಲಿ ಹದಮಾಡಿ ಇಟ್ಟ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ವರ್ಷಕ್ಕೆ ಎರಡು ಮೂರು ಸಲದ ಹಬ್ಬದೂಟವಾಗಿರಲಿ.

ಇಷ್ಟೆಲ್ಲ ಕೇಳಿದ ಮೇಲೂ ಕಲಿಯಬೇಕೆನ್ನುವವರಿಗೆ, ಒಬ್ಬ ಹೊಸಬ ಇನ್ನೊಬ್ಬ ಹೊಸಬನಿಗೆ ಹೇಳುವ ಮಾತು ಕೆಲವಿವೆ. ಗುಳಿಗೆಯನ್ನು ಬಿಗಿಮುಚ್ಚಳದ ಡಬ್ಬದಲ್ಲಿಡಿ. ಕೆಲಸ ಮುಗಿದ ಮೇಲೆ ಯಂತ್ರದೊಳಗೆ ಬಿಡಬೇಡಿ. ಕಾರ್ಖಾನೆಯ ಬಾಯ್ಲರಿಗೆಂದು ಮಾರುವ ಗುಳಿಗೆ ಅಡುಗೆಗಲ್ಲ. ನಮ್ಮ ಕಡೆ ಗೇರುಬೀಜದ ಸಿಪ್ಪೆ ಹೇರಳ. ಅದನ್ನು ಮಾತ್ರ ಹಾಕಲೇಬೇಡಿ, ಅದರ ಎಣ್ಣೆ ಚರ್ಮವನ್ನೇ ಸುಡುವಂಥದು, ಹೊಗೆಯೂ ಘಾಟು. ಬಣ್ಣ ಬಳಿದ ಮರ, ಔಷಧಿ ಹಾಕಿದ ರಬ್ಬರು ಮರ ಬೇಡ. ಹೊಗೆ ಬಿಳಿಯಾಗಿದ್ದರೆ ಮಾಂಸವಿಡದೆ ಕಾಯಿರಿ. ಮುಚ್ಚಳ ತೆರೆಯಬೇಡಿ. ಮುಳ್ಳು 70ರ ಹತ್ತಿರ ನಿಂತಾಗ ಅಮೆರಿಕದವರು ದಪ್ಪ ಕಾಗದದಲ್ಲೋ ತಗಡಿನ ಹಾಳೆಯಲ್ಲೋ ಮಾಂಸವನ್ನು ಸುತ್ತುತ್ತಾರೆ. ನಾನು ಬಾಡಿಸಿದ ಬಾಳೆಲೆಯಲ್ಲಿ ನಾಲ್ಕು ಸುತ್ತು ಸುತ್ತಿದೆ, ಅದಕ್ಕಿಂತ ಚೆನ್ನಾಯಿತು. ಹೊಗೆ ತಾಗಿದ ಮಾತ್ರಕ್ಕೆ ಮಾಂಸ ಬೆಂದಂತಲ್ಲ. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಬರುತ್ತದೆ, ಆದ್ದರಿಂದ ಕಣ್ಣನ್ನು ನಂಬದೆ ಮುಳ್ಳನ್ನು ನಂಬಿರಿ.

ಜನವರಿಯಲ್ಲಿ ಎರಡನೆಯ ಸಲ ಮಾಡಿದೆ. ಬೆಳಿಗ್ಗೆ ನಾಲ್ಕರಿಂದ ಸಂಜೆ ಐದರವರೆಗೆ ಅಂಗಳದಲ್ಲಿ ನಾನೇ ಕುಳಿತೆ. ಅತ್ತಿಗೆ ಗಾಳಿಯ ಮೇಲ್ಗಡೆ, ಹೊಗೆ ತಾಗದ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದಿದರು. ಮಾಂಸ ಬಿಡಿಸಿದವನು ನಾನು, ಬಡಿಸಿದವನು ನಾನು, ಜಿಡ್ಡು ಹಿಡಿದ ಜಾಲರಿಯನ್ನು ಬೂದಿ ಹಾಕಿ ಉಜ್ಜಿದವನೂ ನಾನು. ಆ ರಾತ್ರಿ ಸೊಂಟ ಹಿಡಿದು ಮಲಗಿದಾಗ, ಇದು ಒಂದು ದಿನದ ಕೆಲಸ, ಅವರದು ಇಪ್ಪತ್ತೊಂಬತ್ತು ವರ್ಷದ್ದು ಎಂಬ ಲೆಕ್ಕ ಮತ್ತೆ ಮತ್ತೆ ತಲೆಗೆ ಬಂತು.

ಆದ್ದರಿಂದ ಹೊಗೆಯನ್ನು ಹೊಗಳುವ ಮಹನೀಯರಲ್ಲಿ ನನ್ನ ಬೇಡಿಕೆ ಒಂದೇ. ಹೊಗೆಯ ರುಚಿ ಬೇಕೆನ್ನುವವನು ತಾನೇ ಅಂಗಳಕ್ಕೆ ಹೋಗಲಿ, ತಾನೇ ಬೆಂಕಿ ಹಾಕಲಿ, ತಾನೇ ಹನ್ನೆರಡು ಗಂಟೆ ಕೂರಲಿ, ತಾನೇ ಪಾತ್ರೆ ತೊಳೆಯಲಿ. ಆಮೇಲೆ ಲೇಖನ ಬರೆಯಲಿ, ನಾನು ಸಂತೋಷದಿಂದ ಓದುತ್ತೇನೆ. ಅಲ್ಲಿಯವರೆಗೆ ಅಜ್ಜಿಯ ಒಲೆಯ ಮಾತು ಎತ್ತುವ ಮೊದಲು, ಮನೆಯಲ್ಲಿ ಆ ಒಲೆ ಊದಿದವರು ಯಾರಾದರೂ ಬದುಕಿದ್ದರೆ ಅವರನ್ನು ಒಂದು ಮಾತು ಕೇಳಲಿ.

ಅತ್ತಿಗೆ ಎರಡನೆಯ ಸಲದ ಮಾಂಸವನ್ನು ತಿಂದು ಏನೆಂದರೆಂದು ವಾಚಕರು ಕೇಳಬಹುದು. "ಪರವಾಗಿಲ್ಲ, ಉಪ್ಪು ಒಂದು ಕಲ್ಲು ಕಮ್ಮಿ" ಎಂದರು. ಮೂರನೆಯ ಸಲ ಸರಿಮಾಡುತ್ತೇನೆ.